ಚಗಳಿ ಮಾರುವವಳಿಗೆ ನೆರಳಿಲ್ಲ

ಹಾಲಾಡಿ ಆಚೆಯ ನಮ್ಮ ಸಂತೆಯಲ್ಲಿ ಚಗಳಿ ಮಾರುವ ಹೆಂಗಸರನ್ನು ತಗಡಿನ ಮಾಡಿನಡಿಯಿಂದ ಎಬ್ಬಿಸಿ ಬಿಸಿಲಿಗೆ ಅಟ್ಟಿದರು. ಇದು ಅನ್ಯಾಯ. ಅನ್ಯಾಯ ಮಾಡಿದವರು ನಗೆಪಾಟಲಾಗುವುದೂ ಇಲ್ಲಿ ವಾರವಾರದ ಸಂಗತಿ. ನೋಡಿದ್ದನ್ನು ಹೇಳುತ್ತೇನೆ.

ಚಗಳಿ ಅಂದರೆ ಮಾವು, ಗೇರು ಮರದ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಗಂಡಸು ಮರ ಹತ್ತಿ ಗೂಡು ಕೊಯ್ಯುತ್ತಾನೆ. ಹೆಂಗಸು ಅದನ್ನು ಒಲೆಯ ಮೇಲೆ ಕಾದ ಮಣ್ಣಿನ ಓಡಿಗೆ ಕೊಡವಿ, ಉಪ್ಪು ಹಾಕಿ ಹುರಿದು, ಕಸ ಕೇರಿ, ಬುಟ್ಟಿ ಹೊತ್ತು ಮಾರುತ್ತಾಳೆ. ಕೊಂಡವರು ಚಟ್ನಿ ಅರೆದು ಉಣ್ಣುತ್ತಾರೆ.

ಮರ ಹತ್ತಿದವನೇ ವ್ಯಾಪಾರಿ

ಸಂತೆಯ ಸುಂಕ ಎತ್ತುವ ಗುತ್ತಿಗೆದಾರರೊಬ್ಬರು ಟೆರಿಲಿನ್ ಅಂಗಿ ತೊಟ್ಟು ಬಂದು ಕಟ್ಟಳೆ ಹೊರಡಿಸಿದರು: "ಮರ ಹತ್ತುದ್ ಯಾರ್? ಗಂಡಸ್ರ್. ಹಂಗಾರೆ ವ್ಯಾಪಾರಿಗಳ್ ಅವ್ರೇ. ಮಾಡಿನಡಿ ಅವ್ರಿಗೆ ಮಾತ್ರ."

ಅಲ್ಲೊಬ್ಬಳು ವಿಧವೆ. ನೆರೆಯವರು ಕೊಯ್ದ ಗೂಡು ಕೊಂಡು, ಹುರಿದು ಮಾರಿದರೆ ಮಾತ್ರ ಅವಳ ಮನೆಯಲ್ಲಿ ಗಂಜಿ. ಮರ ಹತ್ತಲು ಗಂಡನಿಲ್ಲ, ಆದ್ದರಿಂದ ಅವಳು ವ್ಯಾಪಾರಿಯೇ ಅಲ್ಲವಂತೆ! ಗುತ್ತಿಗೆದಾರರಿಗೆ ತೆಂಗಿನಕಾಯಿ ಮಂಡಿ ಇರುವುದು ಅವಳಿಗೆ ಗೊತ್ತು. ಅವರ ಹೊಟ್ಟೆಯನ್ನೇ ನೋಡುತ್ತ ಕೇಳಿದಳು:

"ಹ್ವಾಯ್, ನಿಮ್ಮ್ ಮಂಡಿ ಕಾಯಿ ಎಲ್ಲ ನೀವೇ ಹತ್ತಿ ಕೊಯ್ದದ್ದಾ?"

ಜಗಲಿಗೆ ಹೋದ ಗಂಡಸು

ಹೆಂಡತಿಯನ್ನು ಮಾಡಿನಡಿಯಿಂದ ಎಬ್ಬಿಸಿದ ಮೇಲೆ, ಗೂಡು ಕೊಯ್ಯುವ ಒಬ್ಬ ಗಂಡಸು ಉಳಿದ ಚಗಳಿ ಹೊತ್ತು ಹಾಲಾಡಿಯ ಒಂದು ದೊಡ್ಡಮನೆಗೆ ಹೋದ. ಹೆಂಗಸರಾದರೆ ಹಿತ್ತಲ ಬಾಗಿಲಿಗೆ ಹೋಗಿ ಮೆಲ್ಲಗೆ ಮಾರಿ ಬರುತ್ತಾರೆ. ಇವನು ಗಂಡಸಲ್ಲವೆ, ಜಗಲಿ ಎದುರೇ ನಿಂತು ಕೂಗಿದ. ನೆಂಟರ ನಡುವೆ ಕೂತಿದ್ದ ಯಜಮಾನರು ಕೆಂಡವಾದರು.

"ಎಂತ! ನಮ್ಮನಿಯಲ್ಲ್ ಇರುವೆ ತಿಂತ್ರಾ? ನಡಿ ಆಚೆ!"

ಒಳಗಿಂದ ಅವರ ಹೆಂಡತಿ ಕೂಗಿದರು: "ಹ್ವಾಯ್, ಅವ್ನನ್ನ್ ಕಳ್ಸ್ಬೇಡಿ! ಚಗಳಿ ಚಟ್ನಿ ಇಲ್ದಿರೆ ನಿಮ್ಗೆ ಗಂಜಿ ಇಳಿತ್ತಿಲ್ಲೆ!"

ಮಾಡಿನಡಿಯ ವ್ಯಾಪಾರ

ಮುಂದಿನ ವಾರ, ಜಗಲಿಗೆ ಹೋದವನ ಹೆಂಡತಿ ಒಲೆಯನ್ನೇ ಹಚ್ಚಲಿಲ್ಲ. "ವ್ಯಾಪಾರಿ ನೀವಲ್ದಾ? ನೀವೇ ಹುರ್ಕಣಿ" ಅಂದಳು. ಹುರಿಯಲು ಬಾರದ ಗಂಡ ಗೂಡುಗಳನ್ನು ಜೀವಂತವಾಗಿಯೇ ಗೋಣಿಚೀಲದಲ್ಲಿ ತುಂಬಿ ತಂದು ನೆರಳಲ್ಲಿ ಕೂತ. ಗುತ್ತಿಗೆದಾರರು ಹೆಮ್ಮೆಯಿಂದ ಪಕ್ಕದಲ್ಲಿ ಕೂತು, ಗಿರಾಕಿಗೆ ತೋರಿಸಲು ತಾವೇ ಚೀಲದ ಬಾಯಿ ಬಿಚ್ಚಿದರು. ಚೀಲ ಅವರ ಮಡಿಲಿಗೇ ಮಗುಚಿತು, ಇರುವೆಗಳು ಪಂಚೆಯೊಳಗೆ ಹೊಕ್ಕವು.

"ಅಯ್ಯಯ್ಯೋ! ಕೊಲ್ಲ್ ಮಾರಾಯ, ಕೊಲ್ಲ್!"

"ಕೊಯ್ಯುದ್ ನಂಗೊತ್ತಿತ್ ಒಡೆಯಾ. ಕೊಲ್ಲುದ್ ನಮ್ಮನಿಯವ್ಳಿಗೇ ಗೊತ್ತ್."

"ಹಂಗಾರೆ ಕರಿ ಅವ್ಳನ್ನ!"

ಗಂಡನ ವ್ಯಾಪಾರ ನೋಡಲೆಂದೇ ಬಂದು ಬಿಸಿಲಲ್ಲಿ ಕೂತಿದ್ದ ಅವಳು ಏಳಲೇ ಇಲ್ಲ. "ಮಾಡಿನಡಿ ಬಪ್ಪುಕೆ ನಮ್ಗೆ ಅಪ್ಪಣೆ ಇಲ್ಲೆ. ನೀವೇ ಬಿಸ್ಲಿಗೆ ಬನ್ನಿ!"

ಬಂದರು. ಪಂಚೆ ಮಾತ್ರ ನೆರಳಲ್ಲೇ ಉಳಿಯಿತು.

ಸಂತೆಗೆ ಸಂತೆಯೇ ನಕ್ಕಿತು. ಕಟ್ಟಳೆ ಮಾತ್ರ ಹಾಗೆಯೇ ಇದೆ. ಈ ವಾರವೂ ಆ ವಿಧವೆ ಸೆರಗು ತಲೆಗೆ ಹೊದ್ದು ಸುಡುವ ನೆಲದ ಮೇಲೆಯೇ ಕೂತಿದ್ದಳು. ನೀವೂ ನಕ್ಕಿರಲ್ಲ? ನಕ್ಕು ಮನೆಗೆ ಹೋಗಬೇಡಿ. ಬರುವ ಸಂತೆಗೆ ಬನ್ನಿ. ಅವಳ ಬುಟ್ಟಿಗೆ ಕೈ ಕೊಟ್ಟು ಎತ್ತಿ, ಮಾಡಿನಡಿ ಇಡಿಸಿ, ಯಾರು ಗದರಿದರೂ ಅಲ್ಲೇ ನಿಲ್ಲಿ.