ದವನದ ಕುಂಡಕ್ಕೊಂದು ಗಂಟಲು

"ಹಳೇಬೀಡ್, ಹಳೇಬೀಡ್, ಹಳೇಬೀಡ್!"

ಬೇಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೆಳಗಾಗುವುದು ಕೋಳಿಯಿಂದಲ್ಲ, ಕಂಡಕ್ಟರನ ಈ ಕೂಗಿನಿಂದ. ಅದರ ಬೆನ್ನಿಗೇ ಪ್ರಿಯಂವದೆಯ ಮನೆಯಂಗಳದಲ್ಲಿ ಇನ್ನೊಂದು ಸದ್ದು: ಗುಳುಗುಳು, ಗುಳುಗುಳು. ಅವಳ ಗಂಡ ವಿಜಯಸಾರಥಿ ಸಂಧ್ಯಾವಂದನೆ ಮುಗಿಸಿ, ಪಂಚಪಾತ್ರೆಯಲ್ಲಿ ಉಳಿದ ನೀರನ್ನು ದವನದ ಕುಂಡಕ್ಕೆ ಸುರಿಯುವ ಸದ್ದು ಅದು.

"ರೀ! ಅದು ದವನ, ತಾವರೆ ಅಲ್ಲ!"

"ದೇವರ ನೀರು ಕಣೇ. ತುಳಿಯೋ ಜಾಗದಲ್ಲಿ ಚೆಲ್ಲಕ್ಕಾಗತ್ತಾ?"

ದೇವರನ್ನು ಮುಂದಿಟ್ಟುಕೊಂಡ ಗಂಡನ ಜೊತೆ ವಾದಿಸುವುದು ಹೇಗೆ? ದೇವರ ನೀರಾದ ಮೇಲೆ ಅಕ್ಕಿ ತೊಳೆದ ನೀರು, ಅಕ್ಕಿಯಾದ ಮೇಲೆ ಬೇಳೆ ತೊಳೆದ ನೀರು. ಗಿಡವೊಂದು ಬಾಯಾರಿ ನಿಂತಿರಬಹುದು ಎಂಬ ಅನುಮಾನ ಬಂದರೂ ಸಾಕು, ಆ ಮನುಷ್ಯನಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದವನವೋ, ಬೇರಿಗೆ ನೀರು ಹೆಚ್ಚಾದರೆ ಮುನಿಸಿಕೊಂಡು ಕೊಳೆತುಹೋಗುವ ಜಾತಿ. ಎರಡು ಸಲ ಬಿತ್ತಿದ್ದು ಹಾಗೇ ಹೋಗಿತ್ತು. ಮೂರನೆಯದು ಮಾತ್ರ ಹೇಗೋ ಗೇಣುದ್ದ ಬೆಳೆದು, ಬೆರಳು ಸೋಕಿದರೆ ಸಾಕು, ಅಂಗಳಕ್ಕೆಲ್ಲ ಘಮ್ಮೆನ್ನುತ್ತಿತ್ತು.

ಈ ಗಿಡದ ಮೇಲೆ ಅವಳ ಮಾನ ನಿಂತಿತ್ತು. ಕಳೆದ ವರ್ಷ ಚೈತ್ರದ ಪೂಜೆಗೆ ಅರಸೀಕೆರೆಯಿಂದ ಬಂದಿದ್ದ ನಾದಿನಿ ಕೋಮಲವಲ್ಲಿ, ನೆಂಟರೆಲ್ಲ ಕೂತಿದ್ದಾಗಲೇ, "ದವನ ಎಲ್ಲರ ಕೈಗೂ ಒಲಿಯಲ್ಲ ಬಿಡಮ್ಮ" ಎಂದಿದ್ದಳು. "ಮುಂದಿನ ಚೈತ್ರಕ್ಕೆ ಪೆರುಮಾಳ್ ದೇವರಿಗೆ ನಮ್ಮನೆ ಕುಂಡದ ದವನವೇ, ಅಕ್ಕಾ!" ಎಂದು ಪ್ರಿಯಂವದೆ ಅಲ್ಲೇ ಸಾರಿಬಿಟ್ಟಿದ್ದಳು. ಆ ಚೈತ್ರ ಈಗ ಬಂದಿತ್ತು. ಶುಕ್ರವಾರ ಪೂಜೆ, ಅಕ್ಕ ಗುರುವಾರ ಬರುವವಳು.

"ಇವತ್ತಿನಿಂದ ಈ ಮನೇಲಿ ನೀರು ಹಾಕೋ ವಿಷಯ ನೀವೂ ತೀರ್ಮಾನಿಸಬೇಡಿ, ನಾನೂ ತೀರ್ಮಾನಿಸಲ್ಲ," ಎಂದು ಅವಳು ಸೋಮವಾರ ಘೋಷಿಸಿದಳು. "ಮಣ್ಣೇ ಬಾಯಿಬಿಟ್ಟು ಹೇಳತ್ತೆ!"

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಿಗೆ ಇದೇನು ಮಹಾ! ಎರಡು ಮೊಳೆ, ಒಂದು ಟ್ರಾನ್ಸಿಸ್ಟರ್, ಒಂದು ಬಜರ್, ಒಂದು ಬ್ಯಾಟರಿ. ಇಷ್ಟನ್ನೂ ಗಂಡ ಹಣೆಗಿಡುವ ತಿರುಚೂರ್ಣದ ಖಾಲಿ ಡಬ್ಬಿಯೊಳಗೆ ಕೂರಿಸಿ, ಮೊಳೆಗಳೆರಡನ್ನೂ ಕೆಳಕ್ಕೆ ಇಳಿಬಿಟ್ಟಳು. ಮಣ್ಣು ಒದ್ದೆಯಾಗಿದ್ದರೆ ಮೌನ. ಒಣಗಿತೋ, ಪೀಈಈ! ಕುಂಡಕ್ಕೆ ಚುಚ್ಚಿದಳು. ಮೌನ. ಒಣ ಮಣ್ಣಿಗೆ ಚುಚ್ಚಿದಳು. ಪೀಈಈ! ಹೊಯ್ಸಳರ ಕಾಲದಿಂದ ಮೂಕವಾಗಿದ್ದ ಬೇಲೂರಿನ ಮಣ್ಣಿಗೆ ಕೊನೆಗೂ ಗಂಟಲು ಬಂದಿತ್ತು.

ಆ ಗಂಟಲು ಉಳಿದಿದ್ದು ಮಂಗಳವಾರ ಬೆಳಗಿನವರೆಗೆ.

"ಹಳೇಬೀಡ್, ಹಳೇಬೀಡ್!" ಗುಳುಗುಳು, ಗುಳುಗುಳು.

"ರೀ! ಅದರ ತಲೆ ಮೇಲೇ ಸುರಿದ್ರಾ?"

"ತಿರುಚೂರ್ಣದ ಡಬ್ಬಿ ಅಲ್ವೇನೇ? ಒಂದು ತೊಟ್ಟು ತೀರ್ಥ ಬಿದ್ರೆ ಪುಣ್ಯ ಅಂದ್ಕೊಂಡೆ."

ಬಜರ್ ಪುಣ್ಯಲೋಕ ಸೇರಿತ್ತು. ಪ್ರಿಯಂವದೆ ಹಲ್ಲು ಕಚ್ಚಿಕೊಂಡು ಹೊಸದನ್ನು ಕೂರಿಸಿದಳು. ಈ ಸಲ ನೀರಿನ ಅಪ್ಪ ಬಂದರೂ ಒಳಗೆ ನುಗ್ಗಬಾರದು! ಡಬ್ಬಿಯ ಸಂದಿಗೆಲ್ಲ ಮೇಣದಬತ್ತಿ ಕರಗಿಸಿ ಸುರಿದಳು. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ತುಂಡು ಬಿಗಿದಳು. ಕೊನೆಗೆ, ತಮ್ಮನ ಮದುವೆಗೆಂದು ತೆಗೆದಿಟ್ಟಿದ್ದ ಕೆಂಪು ನೇಲ್ ಪಾಲಿಶ್ ಶೀಸೆಯನ್ನು ತ್ಯಾಗ ಮಾಡಿ, ಹಳೇಬೀಡಿನ ಶಿಲ್ಪಿಗಳೇ ಎದ್ದು ಬಂದು ಹೆಗಲ ಮೇಲಿಂದ ಇಣುಕಿದರೂ ತಪ್ಪು ಹುಡುಕದಂತೆ, ಮೇಲಿನಿಂದ ಕೆಳತುದಿಯವರೆಗೆ ಬಳಿದಳು. ಒಣಗಿಸಿದಳು. ಮತ್ತೊಂದು ಸಲ ಬಳಿದಳು. ಬ್ಯಾಟರಿ ಸಿಕ್ಕಿಸಿದಾಗ ಪೀಈಈ ಎಂದಿತು. ಕೂಗಿತು ಅಂದಮೇಲೆ ಸರಿಯಾಗಿದೆ ಎಂದೇ ಅರ್ಥವಲ್ಲವೇ?

ಬುಧವಾರ ಕುಂಡಕ್ಕೆ ಚುಚ್ಚಿದಳು. ಪೀಈಈ! ಪಾಪ, ಬಾಯಾರಿದೆ! ಒಂದು ಲೋಟ ಹಾಕಿದಳು. ಪೀಈಈ! ಬಿಸಿಲಿಗೆ ಮಣ್ಣು ಹೀರಿಕೊಂಡಿರಬೇಕು, ಇನ್ನೊಂದು ಲೋಟ. ಪೀಈಈ! ಕಾಲೇಜಿಗೆ ಹೊತ್ತಾಗಿತ್ತು. ಮನೆಯಲ್ಲೇ ಇದ್ದ ಗಂಡನಿಗೆ ಬೆರಳೆತ್ತಿ ಹೇಳಿದಳು: "ನಿಮ್ಮ ತಲೆ ಓಡಿಸಬೇಡಿ. ಅದು ಕೂಗಿದ್ರೆ ಒಂದು ಲೋಟ. ಕೂಗದಿದ್ರೆ ಒಂದು ತೊಟ್ಟೂ ಇಲ್ಲ. ಯಂತ್ರದ ಮಾತು ಕೇಳಿ!"

ಮದುವೆಯಾದಾಗಿನಿಂದ ವಿಜಯಸಾರಥಿ ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದು ದಿನ.

ಸಂಜೆ ಬೀದಿಯ ತಿರುವಿನಲ್ಲೇ ಅವಳಿಗೆ ಆ ದನಿ ಕೇಳಿಸಿತು. ಓಡಿಬಂದಳು. ಅಂಗಳದಿಂದ ನೀರು ಹರಿದು ಬಾಗಿಲ ರಂಗೋಲಿ ಅಳಿಸಿಹೋಗಿತ್ತು. ಕುಂಡದ ಪಕ್ಕ ವಿಜಯಸಾರಥಿ ಲೋಟ ಹಿಡಿದು ಬೆವರುತ್ತಿದ್ದ. ಹಾಲು ಹಾಕುವ ಗಿಡ್ಡಮ್ಮ ಕ್ಯಾನ್ ಕೆಳಗಿಟ್ಟು ಚೊಂಬು ಬಗ್ಗಿಸುತ್ತಿದ್ದಳು.

"ಗಿಡ್ಡಮ್ಮಾ! ನೀನೂನಾ?"

"ಇನ್ನೇನವ್ವ ಮಾಡದು? ಎಳೇಕೂಸು ಅತ್ತಂಗೆ ಅಳ್ತಾ ಐತೆ! ಪಕ್ಕದ್ಮನೆ ರಮಮ್ಮನೂ ಒಂದು ಬಿಂದಿಗೆ ಹುಯ್ದವ್ರೆ. ಅಷ್ಟು ಕುಡುದ್ರೂ ಸುಮ್ಕಾಗಾಕಿಲ್ಲ ಅಂತದಲ್ಲವ್ವ, ಇದ್ಕೇನ್ ದೃಷ್ಟಿಗಿಷ್ಟಿ ಆಗೈತಾ?"

"ನಾನು ತಲೆ ಓಡಿಸಲೇ ಇಲ್ಲ ಕಣೇ," ಎಂದ ವಿಜಯಸಾರಥಿ, ಹೆಮ್ಮೆಯಿಂದ. "ಮಧ್ಯಾಹ್ನ ಊಟಕ್ಕೂ ಕೂತಿಲ್ಲ."

"ಅಲ್ಲಾರೀ, ಕಣ್ಣಿಗೆ ಕಾಣಿಸಲ್ವಾ? ಕುಂಡದಲ್ಲಿ ನೀರು ನಿಂತಿದೆ!"

"ಕಂಡಿತು. ಆದ್ರೆ ಯಂತ್ರದ ಮಾತು ಕೇಳು ಅಂದವಳು ನೀನು."

"ಯಂತ್ರ ಸುಳ್ಳು ಹೇಳಲ್ಲ!" ಪ್ರಿಯಂವದೆ ರೇಗಿದಳು. "ಎಷ್ಟು ಸುಲಭದ ವಿಷಯ ಗೊತ್ತಾ? ನೀರು ಮೊಳೆಗೆ ತಾಗಿದ ತಕ್ಷಣ ಅದು ಸುಮ್ಮನಾಗತ್ತೆ. ನೀರು ಮೊಳೆಗೆ ತಾಗಿದ…"

ಕೆಸರಿನಿಂದ ಕಿತ್ತ ಯಂತ್ರ ಅವಳ ಕೈಯಲ್ಲಿತ್ತು. ಮೊಳೆಗಳೆರಡೂ ಮದುಮಗಳ ಉಗುರಿನ ಹಾಗೆ ಕೆಂಪಗೆ, ನುಣ್ಣಗೆ ಹೊಳೆಯುತ್ತಿದ್ದವು. ಎರಡು ಸಲ ಬಳಿದ ಬಣ್ಣ, ತಲೆಯಿಂದ ತುದಿಯವರೆಗೆ. ಒಂದು ಹನಿ ನೀರೂ ಅವನ್ನು ತಾಗಿರಲಿಲ್ಲ. ತಾಗುವಂತೆಯೂ ಇರಲಿಲ್ಲ.

ಅವಳು ತೆಪ್ಪಗೆ ಬ್ಯಾಟರಿ ಕಿತ್ತಳು. ಇಡೀ ಬೀದಿ ಉಸಿರು ಬಿಟ್ಟಂತಾಯಿತು.

"ಒಳ್ಳೇ ಭತ್ತದ ಗದ್ದೆ ಮಾಡಿದ್ದೀಯಲ್ಲೇ ಪ್ರಿಯಂವದಾ!"

ಬಾಗಿಲಲ್ಲಿ ಕೋಮಲವಲ್ಲಿ, ಕೈಯಲ್ಲಿ ಬ್ಯಾಗು. "ಅರಸೀಕೆರೆ ಬಸ್ಸು ಸಿಕ್ತು, ಒಂದು ದಿನ ಮುಂಚೆನೇ ಬಂದುಬಿಟ್ಟೆ," ಎನ್ನುತ್ತ ಸೀರೆಯ ನೆರಿಗೆ ಎತ್ತಿಕೊಂಡು ನೀರು ದಾಟಿ ಬಂದಳು. ಕುಂಡದಲ್ಲಿ ದವನ ಕತ್ತು ಚೆಲ್ಲಿ ಮಲಗಿತ್ತು. ಅದನ್ನು ನೋಡಿದಳು, ಕೆಂಪು ಮೊಳೆಗಳನ್ನು ನೋಡಿದಳು, ನಾದಿನಿಯಾದವಳು ಆಡಬಹುದಾಗಿದ್ದ ಒಂದು ಮಾತನ್ನೂ ಆಡದೆ ಬ್ಯಾಗಿನ ಜಿಪ್ ಎಳೆದಳು. ಬಾಳೆಲೆಯ ಪೊಟ್ಟಣ ಹೊರಬಂತು. ಅಂಗಳವೆಲ್ಲ ಘಮ್ಮೆಂದಿತು.

"ದವನ," ಎಂದಳು. "ಹೋದ ವರ್ಷ ನೀನು ಬೆಳೀತೀನಿ ಅಂದೆಯಲ್ಲ, ಅವತ್ತೇ ಅಂದ್ಕೊಂಡೆ, ಬರೋವಾಗ ತರಬೇಕು ಅಂತ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಪ್ರಿಯಂವದೆಯ ಕಣ್ಣು ತುಂಬಿಬಂತು. ಇಷ್ಟು ದಿನ ಘಮ್ಮೆಂದದ್ದು ಅವಳ ಗಿಡ, ಇವತ್ತು ಘಮ್ಮೆನ್ನುತ್ತಿರುವುದು ಅಕ್ಕನ ಪೊಟ್ಟಣ.

"ಬಸ್ಸಲ್ಲಿ ಬಿಸಿಲಿಗೆ ಒಂಚೂರು ಬಾಡಿದೆ ಕಣಮ್ಮ," ಎಂದು ಅಕ್ಕ ಪೊಟ್ಟಣ ಬಿಚ್ಚಿದಳು. "ಇದಕ್ಕೊಂದಿಷ್ಟು ನೀರು…"

ಮಾತು ಮುಗಿಯುವ ಮೊದಲೇ ವಿಜಯಸಾರಥಿ ತುಂಬಿದ ಲೋಟ ಹಿಡಿದು ಮುಂದೆ ಬಂದ. ಅವನ ಹಿಂದೆ ಚೊಂಬು ಹಿಡಿದ ಗಿಡ್ಡಮ್ಮ.

"ಈ ಮನೇಲಿ ಇನ್ನೊಂದು ಸಲ ಯಾರಾದ್ರೂ ನೀರು ಅನ್ನೋ ಪದ ಎತ್ತಿದ್ರೆ," ಎಂದು ಪ್ರಿಯಂವದೆ ಯಂತ್ರವನ್ನು ಖಾಲಿ ನೇಲ್ ಪಾಲಿಶ್ ಶೀಸೆಯ ಪಕ್ಕ ಕುಕ್ಕಿ, ಬಸ್ ನಿಲ್ದಾಣದ ಕಡೆಗೆ ದಾಪುಗಾಲು ಹಾಕುತ್ತ, "ಆ ಹಳೇಬೀಡು ಬಸ್ ಹತ್ತಿ ನಾನು ಹೊರಟೇಹೋಗ್ತೀನಿ!" ಎಂದಳು.