ಚಕ್ರವ್ಯೂಹದಲ್ಲಿ ಕಾಕಾನ ಕೆಮ್ಮು

ನಮ್ಮ ಕಾಕಾನಿಗೆ ಹೆಂಡತಿಯ ಹೆಸರೇ ಗೊತ್ತಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನೀವಾಗಿದ್ದರೂ ನಂಬುತ್ತಿದ್ದಿರಿ. ಮದುವೆಯಾಗಿ ನಲವತ್ತು ವರ್ಷವಾದರೂ ಆತ ಚಿಗವ್ವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಕರೆಯುವ ಬದಲು ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ನೀರು, ಎರಡಕ್ಕೆ ಚಹಾ, ಮೂರಕ್ಕೆ ಬೀಗರು ಬಂದಿದ್ದಾರೆ, ಹೊರಗೆ ಬಾ ಎಂದರ್ಥ. ಇನ್ನು ನಿಜವಾಗಿಯೇ ನೆಗಡಿಯಾದ ದಿನ ಚಿಗವ್ವನ ಗತಿ ಏನಾಗಬೇಕು ಹೇಳಿ! ಅಡುಗೆಮನೆಗೂ ಪಡಸಾಲೆಗೂ ಓಡಾಡಿ ಆಕೆ ಸುಸ್ತಾಗುತ್ತಿದ್ದಳು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಹೆಂಗಸರಿಗೆ ಮಾಡಿದ ಈ ಕಾಯಿದೆಯನ್ನು ಕಾಕಾ ತನಗೂ ಹಚ್ಚಿಕೊಂಡಿದ್ದ. ಯಾಕೆ ಎಂದು ಕೇಳಿದರೆ, "ಆಕೀಗೂ ಆಯುಷ್ಯ ಬ್ಯಾಡೇನಲೇ?" ಎಂದು ನನ್ನನ್ನೇ ಗದರಿಸುತ್ತಿದ್ದ.

ಹೋದ ವರ್ಷ ಚಿಗವ್ವನನ್ನು ಶಹಾಪುರದ ದವಾಖಾನೆಗೆ ಕರೆದೊಯ್ದಾಗ ಚೀಟಿ ಬರೆಯುವವನು ಪೇಶಂಟಿನ ಹೆಸರು ಕೇಳಿದ.

"ನಮ್ಮ ಮನಿಯವ್ರು," ಎಂದ ಕಾಕಾ.

"ಮನಿಯವ್ರಿಗೆ ಹೆಸರಿಲ್ಲೇನ್ರಿ?"

"ಐತ್ರಿ. ಬಾಜೂಕ ನಿಂತಾರಲ್ಲ, ಅವರಿಗೇ ಕೇಳ್ರಿ."

ಹೆಂಡತಿಯ ಪರಿಚಯವನ್ನು ಹೆಂಡತಿಯಿಂದಲೇ ಮಾಡಿಸಿದ ಗಂಡನನ್ನು ನಾನು ಅಲ್ಲಿಯೇ ನೋಡಿದ್ದು. ಅಂದು ಆಕೆಗೆ ಶುಗರ್ ಇರುವುದು ತಿಳಿಯಿತು. ಗುಳಿಗೆ ತಗೊಂಡ ಮೇಲೆ ಊಟದ ಹೊತ್ತು ತಪ್ಪಿದರೆ ತಲೆ ತಿರುಗಿ ಬೀಳಬಹುದು ಎಂದರು ಡಾಕ್ಟರು. ಅಂದಿನಿಂದ ಎಲ್ಲಿಗೆ ಹೋದರೂ ರೊಟ್ಟಿ, ಬೆಲ್ಲದ ಬುತ್ತಿಚೀಲ ಕಾಕಾನ ಹೆಗಲಿಗೇರಿತು.

ಈ ಬೇಸಿಗೆಯಲ್ಲಿ ನನ್ನ ಮಗಳ ಹಟಕ್ಕೆ ನಾನು, ನನ್ನ ಹೆಂಡತಿ ಆಕೆಯನ್ನು ಕರೆದುಕೊಂಡು ಯಾದಗಿರಿಯಿಂದ ಹೊರಟೆವು. ಕಾಕಾ ಮತ್ತು ಚಿಗವ್ವ ರಂಗಂಪೇಟೆಯಿಂದ ಬಂದರು. ಶಹಾಪುರದ ಹೊರಗೆ ಚಕ್ರವ್ಯೂಹದ ತೋಟವೊಂದು ಆಗಿದೆ ಎಂದು ಕೇಳಿದ್ದೆವು. ಆಳೆತ್ತರದ ಮೆಹಂದಿ ಬೇಲಿ, ನೂರೆಂಟು ತಿರುವು, ನಡುವೆ ಎತ್ತರದ ಕಟ್ಟೆ, ಅದರ ಮೇಲೆ ಮೈಕು ಹಿಡಿದ ಕಾವಲುಗಾರ. ರೊಕ್ಕ ಕೊಟ್ಟು ದಾರಿ ತಪ್ಪಿಸಿಕೊಳ್ಳುವ ಈ ಹುಚ್ಚಿಗೆ ಏನನ್ನಬೇಕು?

ಕಾಕಾ ಕಾಲುವೆಯ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ಮೊದಲ ದಾರಿ ಬೇಲಿಗೆ ಬಂದು ಮುಗಿದಾಗ ಆತನಿಗೆ ಹಳೆಯ ನೌಕರಿ ನೆನಪಾಯಿತು. "ನೀರು ಯಾರಿಗೂ ದಾರಿ ಕೇಳೂದಿಲ್ಲ. ಇಳಿಜಾರ ಹಿಡದು ತಾನೇ ಹೊರಗ ಹೋಗ್ತದ," ಎಂದವನೇ ನಮ್ಮ ಬಾಟಲಿಯನ್ನು ನೆಲಕ್ಕೆ ಬಗ್ಗಿಸಿದ. ಮೇ ತಿಂಗಳ ನೆಲ, ಕೇಳಬೇಕೆ? ನೀರು ಗೇಣುದ್ದವೂ ಹರಿಯಲಿಲ್ಲ.

"ಮುತ್ಯಾ, ಈಗ ನಾವೇನ್ ಕುಡೀಬೇಕು?" ಎಂದಳು ಮಗಳು.

ಕಾಕಾ ಹಿಂದೆ ತಿರುಗಿದ. ಚಿಗವ್ವ ಇರಲಿಲ್ಲ.

ಆಕೆ ಯಾವಾಗಲೂ ಕಾಕಾನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು, ಸೆರಗು ಮುಂದಕ್ಕೆಳೆದು, ಆತನ ಧೋತರದ ಅಂಚನ್ನೇ ನೋಡುತ್ತ ನಡೆಯುವವಳು. ಕವಲಿನಲ್ಲಿ ಇನ್ನೊಂದು ಬಿಳಿ ಧೋತರ ಅಡ್ಡ ಹಾಯ್ದಿದ್ದು ನನಗೆ ಆಗ ನೆನಪಾಯಿತು. ಪತಿವ್ರತೆ ನಮ್ಮ ಚಿಗವ್ವ, ಕತ್ತೆತ್ತದೆ ಯಾರದೋ ಧೋತರದ ಹಿಂದೆ ಹೋಗಿಬಿಟ್ಟಿದ್ದಳು!

ನಗಬೇಕೆನ್ನುವಷ್ಟರಲ್ಲಿ ಕಾಕಾನ ಹೆಗಲ ಮೇಲಿನ ಬುತ್ತಿ ಕಣ್ಣಿಗೆ ಬಿತ್ತು. ಆಕೆಯ ಫೋನೂ ಆತನ ಕಿಸೆಯಲ್ಲೇ ಇತ್ತು. ಹೊತ್ತು ನೆತ್ತಿಗೆ ಬಂದಿತ್ತು. ಬೆಳಿಗ್ಗೆ ಗುಳಿಗೆ ನುಂಗಿ ಬಂದವಳು ಊಟವಿಲ್ಲದೆ, ನೀರಿಲ್ಲದೆ ಒಳಗೆಲ್ಲೋ ಒಬ್ಬಳೇ ಇದ್ದಳು.

ಕಾಕಾ ಕೆಮ್ಮಿದ. ಎಡಬದಿಯ ಬೇಲಿಯಾಚೆಯಿಂದ ಯಾವನೋ ಹಿರಿಯ ಮರುಕೆಮ್ಮಿದ. ಬಲಬದಿಯಿಂದ ಇನ್ನೊಬ್ಬ. ಹೆಂಡತಿಯನ್ನು ಕಳೆದುಕೊಂಡು ಕೆಮ್ಮುವವನು ತಾನೊಬ್ಬನೇ ಎಂದುಕೊಂಡಿದ್ದ, ಪಾಪ. "ಏ, ಕೇಳೀದೇನ?" ಎಂದು ಕೂಗಿದ. ನಾಲ್ಕು ದಿಕ್ಕಿನಿಂದ ನಾಲ್ಕು ದನಿ "ಏನ್ರೀ?" ಎಂದವು. ಒಂದೂ ಚಿಗವ್ವನದಲ್ಲ.

ನಾನು ಹೇಗೋ ಕಟ್ಟೆ ಮುಟ್ಟಿ, "ರಂಗಂಪೇಟೆ ಶರಣಮ್ಮ" ಎಂದು ಮೈಕಿನಲ್ಲಿ ಕರೆಸಿದೆ. ನಮ್ಮ ಜಿಲ್ಲೆಯಲ್ಲಿ ಶರಣಮ್ಮರಿಗೇನು ಬರವೇ? ಐದು ಮಂದಿ ಬಂದರು. ಅವರಲ್ಲಿ ಇಬ್ಬರು ರಂಗಂಪೇಟೆಯವರೇ! ನಮ್ಮವಳು ಬರಲಿಲ್ಲ.

ವಾಪಸು ಬಂದಾಗ ಕಾಕಾನ ಮೋರೆ ಬಿಳಿಚಿಕೊಂಡಿತ್ತು. ಆತ ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಕಾಕಾ, ಮೈಕಿನ್ಯಾಗ ಕರದ್ರ ಆಕೀಗೆ ಯಾರೋ ಬ್ಯಾರೆ ಶರಣಮ್ಮ ಅನಸ್ತದ. ನೀ ಒಮ್ಮೆ ಹೆಸರ ಹಿಡದು ಕೂಗು."

ಆತ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡ. ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಗಂಟಲು ಹರಿಯುವಂತೆ ಕೂಗಿದ.

"ಚಂದ್ರಕಲಾ..."

ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಇಂಥ ಹೊತ್ತಿನಲ್ಲಿ ಈ ಚಂದ್ರಕಲಾ ಯಾರು? ಕಾಲುವೆಯ ಮೇಲೆ ಇಷ್ಟು ವರ್ಷ ಈತ ಬರೀ ಗೇಟನ್ನಷ್ಟೇ ನೋಡಿಕೊಂಡನೇ?

"ಚಂದ್ರಕಲಾ!"

ಎರಡು ಬೇಲಿಗಳಾಚೆಯಿಂದ ಕ್ಷೀಣವಾಗಿ "ಓ" ಎಂಬ ದನಿ ಬಂತು.

ಕಾಕಾ ದಾರಿ ಹುಡುಕಲಿಲ್ಲ. ಬೇಲಿಯಲ್ಲೇ ನುಗ್ಗಿದ. ಕಾವಲುಗಾರ ಸೀಟಿ ಊದುತ್ತಿದ್ದ. ನಾವೂ ಅದೇ ಕಂಡಿಯಲ್ಲಿ ತೂರಿದೆವು. ಚಿಗವ್ವ ಬೇಲಿಯ ನೆರಳಿನಲ್ಲಿ ಬೆವೆತು ಒರಗಿದ್ದಳು. ಕಾಕಾ ಆಕೆಯ ಬಾಯಿಗೆ ಬೆಲ್ಲ ಇಟ್ಟ, ಸೆರಗಿನಿಂದ ಗಾಳಿ ಹಾಕಿದ. ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣಿಗೆ ಕಳೆ ಬಂತು.

"ಮೈಕಿನ್ಯಾಗ ಕರದಿದ್ದು ಕೇಳಲಿಲ್ಲೇನ, ಚಿಗವ್ವ?" ಎಂದೆ.

"ಕೇಳ್ತು. ಏಳಾಕ ಆಗಲಿಲ್ಲಪಾ, ಓ ಅನ್ನಾಕೂ ತ್ರಾಣ ಇರಲಿಲ್ಲ. ಆ ಹೆಸರ ಕಿವಿಗೆ ಬಿದ್ದಾಗ ಎಲ್ಲಿಂದ ದನಿ ಬಂತೋ."

ಚಂದ್ರಕಲಾ ಎಂಬುದು ತವರಿನವರು ಇಟ್ಟ ಹೆಸರಂತೆ. ಮನೆದೇವರ ಹೆಸರು ಇರಲಿ ಎಂದು ಮದುವೆಯ ದಿನ ನಮ್ಮ ಹಿರಿಯರು ಶರಣಮ್ಮ ಮಾಡಿದರಂತೆ. ಚಂದ್ರಕಲಾ ಎಂದು ಕರೆಯುವ ಅಪ್ಪ ಅವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಆಕೆಗೆ ಇನ್ನೊಂದು ಹೆಸರಿತ್ತೆಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಚಿಗವ್ವ ಗಂಡನ ಮುಖ ನೋಡಿದಳು. "ನಿಮಗಿನ್ನಾ ನೆನಪೈತೇನ್ರಿ?"

"ನೋಡಾಕ ಬಂದ ದಿನ ನಿಮ್ಮಪ್ಪ ಹಂಗ ಕರದಿದ್ದ. ನೀ ನೀರಿನ ತಂಬಗಿ ಹಿಡಕೊಂಡು ಬಂದಿದ್ದಿ. ಮನಸಿನ್ಯಾಗ ದಿನಾ ಹಂಗೇ ಕರೀತೇನಿ."

ಆಕೆ ಎಳೆಯ ಹುಡುಗಿಯ ಹಾಗೆ ತಲೆ ತಗ್ಗಿಸಿದಳು. "ಇನ್ನೊಮ್ಮೆ ಕರೀರಿ," ಎಂದಳು.

ನನ್ನ ಕಣ್ಣು ತುಂಬಿ ಬಂತು. ಮಗಳ ಕೈ ಹಿಡಿದುಕೊಂಡು ಬೇಲಿಯ ಕಡೆ ತಿರುಗಿ ನಿಂತೆ. ಹಿಂದೆ ಬುತ್ತಿಯ ಗಂಟು ಬಿಚ್ಚುವ ಸಪ್ಪಳವಾಯಿತು.

"ಮೊದಲ ಇಷ್ಟು ರೊಟ್ಟಿ ತಿನ್ನು, ಚಂದ್ರಕಲಾ," ಎಂದ ಕಾಕಾ.