ಗಾದಿಲಿಂಗಪ್ಪನವರ ತಾಲೀಮು

ಗಾದಿಲಿಂಗಪ್ಪನವರಿಗೆ ವ್ಯಾಯಾಮದ ಮೇಲೆ ಮೊದಲಿನಿಂದಲೂ ಗುಮಾನಿ. ದೇಹಕ್ಕೆ ಒಳ್ಳೆಯದೇ ಆದರೆ ದೇಹವೇ ಯಾಕೆ ಬೇಡವೆಂದು ಅಳಬೇಕು? ಹೋಳಿಗೆ ಒಳ್ಳೆಯದು, ನಾಲಿಗೆ ಒಪ್ಪುತ್ತದೆ. ನಿದ್ದೆ ಒಳ್ಳೆಯದು, ಕಣ್ಣು ತಾನಾಗಿ ಮುಚ್ಚುತ್ತದೆ. ಬಸ್ಕಿಯೂ ಒಳ್ಳೆಯದಂತೆ, ಆದರೆ ಅದರ ಪರವಾಗಿ ಸಾಕ್ಷಿ ಹೇಳಲು ಮೈಯ ಒಂದು ಕೀಲೂ ಮುಂದೆ ಬರುವುದಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಅವರು ತಮ್ಮ ಬಟ್ಟೆ ಅಂಗಡಿಯ ಗಾದಿಗೆ ಒರಗಿಕೊಂಡೇ ತೀರ್ಮಾನಿಸಿದ್ದರು. (ಹೆಸರಿನಲ್ಲಿ ಮೊದಲು ಗಾದಿ, ಆಮೇಲೆ ಲಿಂಗ, ನಡತೆಯೂ ಅದೇ ಕ್ರಮದಲ್ಲಿತ್ತು.)

ಆದರೆ ಬಳ್ಳಾರಿ ಕಂಟೋನ್ಮೆಂಟಿನ ಡಾಕ್ಟರು ಅವರ ಹೊಟ್ಟೆ ತಟ್ಟಿ ನೋಡಿ, ಗರಡಿಗೆ ಹೋಗಿ ಎಂದುಬಿಟ್ಟರು. ಡಾಕ್ಟರ ಸುದ್ದಿ ಎತ್ತಿದರೆ ಮನೆಯ ತುಪ್ಪದ ಗಡಿಗೆ ಅಟ್ಟ ಸೇರುತ್ತದೆ. ಹಾಗಾಗಿ ಹೆಂಡತಿ ಚನ್ನವೀರಮ್ಮನಿಗೆ, "ನಾಳಿಂದ ನಸುಕಿನ್ಯಾಗ ತಾಲೀಮಿಗೆ ಹೋಗ್ತೀನಿ" ಎಂದಷ್ಟೇ ಹೇಳಿದರು.

ಮೊದಲ ದಿನ ಗರಡಿಯ ವಸ್ತಾದ ಅವರಿಂದ ಬಸ್ಕಿ ಹೊಡೆಸಿದ. ಆಮೇಲೆ ಜಟಕಾ ಹತ್ತಲು ಕಾಲು ಏಳಲಿಲ್ಲ. ಇಬ್ಬರು ಪೈಲವಾನರು ಎತ್ತಿ ಕೂರಿಸಿದರು. ಡಾಕ್ಟರಿಗೂ ವಸ್ತಾದನಿಗೂ ಒಳಗೊಳಗೇ ನಂಟಸ್ತಿಕೆ ಇರಬೇಕೆಂಬ ಸಂಶಯ ಆಗ ಗಟ್ಟಿಯಾಯಿತು. ಮರುದಿನದಿಂದ ತಾಲೀಮು ಎರ್ರೆಪ್ಪನ ಹೋಟೆಲಿನಲ್ಲೇ ನಡೆಯತೊಡಗಿತು. ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ. ಮಿರ್ಚಿಯ ಖಾರಕ್ಕೆ ಬೆವರು ಹೇಗೂ ಬರುತ್ತಿತ್ತು.

ಈ ಸುಖದಲ್ಲಿರುವಾಗಲೇ ಮನೆಯಲ್ಲಿ ಗಾಳಿ ಬದಲಾಯಿತು. ರೇಷನ್ ಸಕ್ಕರೆಯನ್ನು ಚಿಟಿಕೆಯಲ್ಲಿ ಹಾಕುತ್ತಿದ್ದ ಚನ್ನವೀರಮ್ಮ ಒಂದು ದಿನ ಇದ್ದದ್ದನ್ನೆಲ್ಲ ಸುರಿದು ಶಿರಾ ಮಾಡಿದಳು. ತಾನೇ ಕೂತು ಗಂಡನ ತಲೆಗೆ ಎಣ್ಣೆ ತಟ್ಟಿದಳು. ಬೈಗುಳ ಪೂರ್ತಿ ನಿಂತೇ ಹೋಯಿತು. ಮದುವೆಯಾದಾಗಿನಿಂದ ಕಾಣದ ಈ ಪ್ರೀತಿ ಕಂಡು ಗಾದಿಲಿಂಗಪ್ಪನವರ ಎದೆ ಧಸಕ್ಕೆಂದಿತು. ಡಾಕ್ಟರು ತಮ್ಮಿಂದ ಮುಚ್ಚಿಟ್ಟದ್ದನ್ನು ಇವಳಿಗೆ ಗುಟ್ಟಾಗಿ ಹೇಳಿ ಕಳಿಸಿದ್ದಾರೆಯೇ?

ಅಷ್ಟರಲ್ಲಿ ಸಿರುಗುಪ್ಪದಲ್ಲಿ ನೆಲೆಸಿದ್ದ ಹೆಂಡತಿಯ ತಮ್ಮ ಹಾಲಸಿದ್ದಪ್ಪ ಕರೆಯದೆಯೇ ಬಂದಿಳಿದ. ಭಾವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೈ ಹಿಡಿದುಕೊಂಡ.

"ಧೈರ್ಯ ಬಿಡಬ್ಯಾಡ್ರಿ ಭಾವ. ಮೊದಲ ಸಲ ಎಲ್ಲಾರಿಗೂ ಅಂಜಿಕಿ ಆಗ್ತೈತಂತ. ಆ ಹೊತ್ತಿಗೆ ಕುರುಗೋಡಿನವರೆಲ್ಲ ಬಂದಿರ್ತಾರ."

ಗಾದಿಲಿಂಗಪ್ಪನವರಿಗೆ ಇನ್ನು ಸಂಶಯ ಉಳಿಯಲಿಲ್ಲ. ಕುರುಗೋಡು ಹೆಂಡತಿಯ ತವರು. ಅಲ್ಲಿಯವರೆಲ್ಲ ಸೇರುವುದು ಮದುವೆಗೆ, ಇಲ್ಲವೇ ಮಣ್ಣಿಗೆ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದವರು ಯಾರೂ ಇರಲಿಲ್ಲ. ಅವರು ಅಡಿಗೆಮನೆಗೆ ಹೋದರು.

"ಖರೇ ಹೇಳು. ಡಾಕ್ಟ್ರು ನನಗ ಎಷ್ಟು ದಿನ ಅಂದಾರ?"

"ಯಾ ಡಾಕ್ಟ್ರು? ನಾಟಕ ಎಂದು ಅಂತ ಮೊದಲು ಹೇಳ್ರಿ. ಓಣಿಯವರೆಲ್ಲ ಪಾಸು ಕೇಳಾಕ ಹತ್ಯಾರ. ನಿಮಗ ರಾಜನ ಪಾರ್ಟೇ ಕೊಟ್ಟಾರಲ್ರೀ?"

ಆಗ ತಿಳಿಯಿತು. ಬಳ್ಳಾರಿಯಲ್ಲಿ ಪೈಲವಾನರು ಬಸ್ಕಿ ಹೊಡೆಯುವುದೂ ತಾಲೀಮೇ, ನಾಟಕದವರು ಪಾರ್ಟು ಕಲಿಯುವುದೂ ತಾಲೀಮೇ. ಗಾದಿ ಬಿಟ್ಟೇಳದ ಗಂಡ ಬಸ್ಕಿಗೆಂದು ನಸುಕಿನಲ್ಲಿ ಎದ್ದಾನೆಂಬ ಯೋಚನೆ ಆ ಸಾಧ್ವಿಯ ಕನಸಿನಲ್ಲೂ ಸುಳಿದಿರಲಿಲ್ಲ. ಪೇಟೆಗೆ ಬಂದು ಟೆಂಟು ಹಾಕಿದ ನಾಟಕದ ಕಂಪನಿ ತನ್ನ ಗಂಡನನ್ನು ಸೇರಿಸಿಕೊಂಡಿದೆ ಎಂದು ಅವಳು ಓಣಿಗೂ ತವರಿಗೂ ಸಾರಿಬಿಟ್ಟಿದ್ದಳು.

ಜೀವ ಉಳಿದ ಸಂತೋಷ ಗಳಿಗೆ ಹೊತ್ತೂ ನಿಲ್ಲಲಿಲ್ಲ. ಮಿರ್ಚಿಯ ಸತ್ಯ ಹೇಳಿದರೆ ಶಿರಾ, ಎಣ್ಣೆ, ಪ್ರೀತಿ ಎಲ್ಲ ಒಟ್ಟಿಗೆ ಹೋಗುತ್ತವೆ. ಓಣಿಯಲ್ಲಿ ಅವಳ ಮರ್ಯಾದೆಯೂ ಉಳಿಯುವುದಿಲ್ಲ. ಅವರು ನೆಟ್ಟಗೆ ಟೆಂಟಿಗೆ ಹೋಗಿ, ಯಾವುದಾದರೂ ಒಂದು ಪಾರ್ಟು ಕೊಡಿರೆಂದು ನಾಟಕದ ಮೇಷ್ಟ್ರ ಮುಂದೆ ಕೈಮುಗಿದರು. ರಾಜ, ಮಂತ್ರಿ, ಸೇನಾಪತಿ ಎಲ್ಲ ತುಂಬಿದ್ದವು. ಉಳಿದದ್ದು ದೂತನದು. ಓಡಿ ಬಂದು, "ಪ್ರಭೂ, ವೈರಿಗಳು ಬಂದರು" ಎಂದರಾಯಿತು. ಒಂದೇ ಮಾತಲ್ಲವೇ ಎಂದು ಗಾದಿಲಿಂಗಪ್ಪನವರು ಹಿಗ್ಗಿದರು.

ಆದರೆ ಆ ಮೇಷ್ಟ್ರಿಗೆ ಸುಳ್ಳು ಏದುಸಿರು ಎಂದರೆ ಆಗದು. ಮರುದಿನ ನಸುಕಿನಲ್ಲಿ ದೂತನು ಟೆಂಟನ್ನು ಓಡುತ್ತ ಸುತ್ತಿ, ಹೊಟ್ಟೆ ಕುಲುಕಿಸುತ್ತ ಒಳಗೆ ಬಂದು ತನ್ನ ಮಾತು ಒಪ್ಪಿಸಿದ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

"ಛಲೋ ಐತ್ರಿ ಸಾವ್ಕಾರ್ರೇ. ಆದ್ರ ವೈರಿಗಳು ಬಾಜೂ ಮನಿಯಿಂದ ಬಂದಂಗ ಕೇಳಸ್ತೈತಿ. ಅವ್ರು ಭಾಳ ದೂರದಿಂದ ಬರ್ಬೇಕು. ಇನ್ನೊಂದು ನಾಕು ಸುತ್ತು ಹಾಕ್ರಿ."